ಬ್ರೇಕ್ ಮೇಷ್ಟ್ರ ಎರಡನೆಯ ಬ್ರೇಕು

ಅವರಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಈಗ ಅದನ್ನು ಬ್ಯಾಂಕಿನವರು ಬಿಟ್ಟರೆ ಇನ್ನಾರೂ ಬಳಸುವುದಿಲ್ಲ. ಬೀದಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಕಾರು ಕಲಿಸುವವರು ಎಂದಮೇಲೆ ಗೇರ್ ಮೇಷ್ಟ್ರು ಅನ್ನಬಹುದಿತ್ತು, ಸ್ಟೇರಿಂಗ್ ಮೇಷ್ಟ್ರು ಅನ್ನಬಹುದಿತ್ತು. ಮರ್ಯಾದೆಗೆ ಡ್ರೈವಿಂಗ್ ಮೇಷ್ಟ್ರು ಅಂದಿದ್ದರೂ ನಡೆಯುತ್ತಿತ್ತು. ಆದರೆ ಜನ ಅಡ್ಡಹೆಸರು ಇಡುವಾಗ ತೂಗಿ ನೋಡಿಯೇ ಇಡುತ್ತಾರೆ. ಮೇಷ್ಟ್ರು ಜೀವಮಾನದಲ್ಲಿ ಮನಸ್ಸಿಟ್ಟು ಮಾಡಿದ ಕೆಲಸ ಒಂದೇ, ಬ್ರೇಕ್ ಹಾಕಿದ್ದು. ಇದನ್ನು ಮೊದಲು ಹೇಳಿ ನಗುತ್ತಿದ್ದವರೂ ಅವರೇ.

ಸ್ಕೂಲು ಅಂದರೆ ಸೈಕಲ್ ಅಂಗಡಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಯಾವ ಕಾಲದ್ದೋ ಒಂದು ಟೈರು. ಹೊರಗೆ ಕೆಂಪು ಎಲ್ ಅಕ್ಷರ ಅಂಟಿಸಿಕೊಂಡ ಬಿಳಿ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಇರುವಂತೆ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು. ಶಿಷ್ಯರು ತಪ್ಪಿದರೆ ಗುರು ತುಳಿಯಲಿ ಎಂಬ ಏರ್ಪಾಡು. ಮೇಷ್ಟ್ರು ಶಿಷ್ಯರಿಗೆ ತಪ್ಪುವ ಅವಕಾಶವನ್ನೇ ಕೊಡುತ್ತಿರಲಿಲ್ಲ. ದೂರದಲ್ಲಿ ಒಂದು ನಾಯಿ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತಿದ್ದರೆ ಸಾಕು, ನಾಯಿ ಒಂದು ತೀರ್ಮಾನಕ್ಕೆ ಬರುವ ಮೊದಲೇ ಕಾರು ನಿಂತಿರುತ್ತಿತ್ತು. ಅವರ ಕಡೆಯ ಬ್ರೇಕ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು. ಶಿಷ್ಯರ ಕಡೆಯ ರಬ್ಬರು ಮಾತ್ರ ಕಾರು ಕೊಂಡ ದಿನ ಹೇಗಿತ್ತೋ ಹಾಗೇ ಇತ್ತು. ಇದನ್ನು ಅವರು ಹೊಸಬರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಎಷ್ಟು ಜೀವ ಉಳಿಸಿದ ಪೆಡಲ್ಲು ಇದು" ಎನ್ನುತ್ತಿದ್ದರು.

ಅಭ್ಯಾಸ ಕಾರಿನೊಳಗೇ ಇದ್ದಿದ್ದರೆ ತೊಂದರೆ ಇರಲಿಲ್ಲ. ಬಸ್ಸಿನಲ್ಲಿ ಕೂತರೂ ಅವರ ಬಲಗಾಲು ಮುಂದಿನ ಸೀಟಿನ ಕಂಬಿ ಒತ್ತುತ್ತಿತ್ತು. ಲಿಫ್ಟು ಇಳಿಯುವಾಗ ನೆಲ ಒತ್ತುತ್ತಿದ್ದರು. ಕ್ಷೌರಿಕನ ಕತ್ತರಿ ಕಿವಿಯ ಹತ್ತಿರ ಬಂದರೂ ಕಾಲೇ ಮುಂದೆ ಹೋಗುತ್ತಿತ್ತು. "ನೀವು ನನ್ನ ಜೊತೆ ಬರೀ ನಡ್ಕೊಂಡು ಹೋಗುವಾಗ್ಲೂ ಬ್ರೇಕ್ ಹಾಕ್ತೀರ ಕಣ್ರೀ" ಎಂದು ಹೆಂಡತಿ ಹೇಳುತ್ತಿದ್ದಳು. ಅದು ನಿಜ. ಬಟ್ಟೆ ಅಂಗಡಿ ಕಣ್ಣಿಗೆ ಬಿದ್ದರೆ ಮೇಷ್ಟ್ರ ನಡಿಗೆ ತಾನಾಗಿ ನಿಧಾನವಾಗಿ, ಗಲ್ಲಿಯ ಕಡೆ ತಿರುಗುತ್ತಿತ್ತು.

ಇಂಥ ಮನುಷ್ಯನ ಎದೆಗೇ ಬ್ರೇಕು ಹಿಡಿಯದೆ ಹೋಯಿತು.

ಆದದ್ದು ಒಂದು ಬೆಳಿಗ್ಗೆ, ಪಾಠದ ನಡುವೆ. ಕಾರು ಸರ್ಕಲ್ಲಿನಲ್ಲಿ ತಿರುಗುತ್ತಿತ್ತು, ಸ್ಟೇರಿಂಗ್ ಹಿಡಿದವಳು ಟೈಲರಮ್ಮ. ಮೇಷ್ಟ್ರ ಎದೆಯೊಳಗೆ ಯಾರೋ ಮೂಟೆಯಿಂದ ಆಲೂಗಡ್ಡೆ ಸುರಿದ ಹಾಗಾಯಿತು. ದಡಬಡ ದಡಬಡ, ನಡುವೆ ಒಂದು ಖಾಲಿ, ಮತ್ತೆ ದಡಬಡ. ಟೈಲರಮ್ಮನ ಡ್ರೈವಿಂಗಿಗೆ ಎದೆ ಹೊಡೆದುಕೊಳ್ಳುವುದು ಹೊಸದಲ್ಲವಾದ್ದರಿಂದ ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಾರು ನಿಂತು, ಆಕೆ ಇಳಿದು ಹೋದ ಮೇಲೂ ಅದು ನಿಲ್ಲಲಿಲ್ಲ. ಆಗ ಅವರಿಗೆ ಭಯವಾಯಿತು.

ಡಾಕ್ಟರಮ್ಮ ಎದೆಗೆ ತಂತಿಗಳನ್ನು ಅಂಟಿಸಿ ಇಸಿಜಿ ತೆಗೆದಳು. ಕಾಗದದ ಮೇಲಿನ ಗೀಟುಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಎದ್ದು ಬಿದ್ದಿದ್ದವು. ಅವಸರವೆಂಬುದೇ ಗೊತ್ತಿಲ್ಲದ ಹೆಂಗಸು ಆಕೆ. ಮೇಷ್ಟ್ರಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಬೈಯುವುದರಲ್ಲಿ ದೊಡ್ಡವಳು.

"ಹೃದಯದಲ್ಲಿ ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ ಇವೆ ಮೇಷ್ಟ್ರೇ" ಎಂದಳು. "ಮೇಲಿಂದ ಒಂದು ಸಣ್ಣ ಕರೆಂಟು ಹೊರಡುತ್ತೆ. ಮಧ್ಯದಲ್ಲಿ ಒಂದು ಗೇಟಿದೆ. ಅಲ್ಲಿ ಒಂದು ಕ್ಷಣ ನಿಂತು ಕೆಳಗಿಳಿಯುತ್ತೆ. ಹಾಗೆ ಇಳಿದಾಗ ಒಂದು ಬಡಿತ. ಈಗ ನಿಮ್ಮ ಮೇಲಿನ ಕೋಣೆಗಳು ಬಡಿಯೋದು ಬಿಟ್ಟು ನಡುಗ್ತಾ ಇವೆ. ಎಲ್ಲಾ ಕಡೆಯಿಂದ ಕರೆಂಟು ಗೇಟಿಗೆ ನುಗ್ತಿದೆ. ಗೇಟು ಕೈಲಾದಷ್ಟನ್ನ ಬಿಡುತ್ತೆ, ಹೊತ್ತು ಗೊತ್ತು ಇಲ್ದೆ."

"ಅಂದ್ರೆ ಟ್ರಾಫಿಕ್ ಜಾಮು" ಎಂದರು ಮೇಷ್ಟ್ರು.

"ಹಾಗಂತ ನಿಮಗೆ ಸಮಾಧಾನ ಆಗೋದಾದ್ರೆ ಹಾಗೇ ಇಟ್ಕೊಳ್ಳಿ."

ಮಾತ್ರೆಗಳ ವಿಷಯ ಬಂತು. ಮೇಷ್ಟ್ರಿಗೆ ಎಲ್ಲವನ್ನೂ ತಿಳಿದುಕೊಳ್ಳುವ ಚಪಲ, ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಇಲ್ಲ. ಡಾಕ್ಟರಮ್ಮ ಬೆರಳು ಮಡಚುತ್ತ ಹೇಳಿದಳು. ಹೃದಯದ ಒಂದೊಂದು ಜೀವಕಣಕ್ಕೂ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಸೋಡಿಯಂ ಒಳಗೆ ನುಗ್ಗಿದರೆ ಕರೆಂಟು ಹುಟ್ಟುತ್ತದೆ, ಕ್ಯಾಲ್ಸಿಯಂ ಬಂದರೆ ಸ್ನಾಯು ಹಿಂಡುತ್ತದೆ, ಪೊಟ್ಯಾಸಿಯಂ ಹೊರಗೆ ಹೋದರೆ ಕಣ ಸುಧಾರಿಸಿಕೊಂಡು ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ಬಡಿತ ತಪ್ಪಿದವರ ಮಾತ್ರೆಗಳನ್ನು, ಯಾವುದು ಎಲ್ಲಿ ಹಿಡಿಯುತ್ತದೆ ಎಂಬುದರ ಮೇಲೆ, ಬಹಳ ಹಿಂದಿನಿಂದ ನಾಲ್ಕು ಗುಂಪು ಮಾಡಿದ್ದಾರಂತೆ.

"ಒಂದನೇ ಗುಂಪಿಂದು ಸೋಡಿಯಂ ಬಾಗಿಲನ್ನ ತಡೆಯುತ್ತೆ, ಕರೆಂಟು ಹರಡೋದು ನಿಧಾನ ಆಗುತ್ತೆ. ಎರಡನೇದು ಬಾಗಿಲ ತಂಟೆಗೆ ನೇರವಾಗಿ ಹೋಗಲ್ಲ. ಗಾಬರಿ ಆದಾಗ, ಸಿಟ್ಟು ಬಂದಾಗ ಮೈಯಲ್ಲಿ ಅಡ್ರಿನಾಲಿನ್ ಅಂತ ಒಂದು ಏರುತ್ತಲ್ಲ, ಅದರ ಕೂಗು ಹೃದಯಕ್ಕೆ ಅಷ್ಟಾಗಿ ಕೇಳಿಸದ ಹಾಗೆ ಮಾಡುತ್ತೆ. ಮೂರನೇದು ಪೊಟ್ಯಾಸಿಯಂ ಬಾಗಿಲನ್ನ ಹಿಡಿಯುತ್ತೆ. ಕಣ ಸುಧಾರಿಸಿಕೊಳ್ಳೋ ಹೊತ್ತು ಉದ್ದ ಆಗುತ್ತೆ, ಅವಸರದಲ್ಲಿ ಬಂದ ಕರೆಂಟಿಗೆ ಅದು ಏಳಲ್ಲ. ನಾಲ್ಕನೇದು ಕ್ಯಾಲ್ಸಿಯಂ ಬಾಗಿಲಿಗೆ. ಆ ಮಧ್ಯದ ಗೇಟು ನಡೆಯೋದೇ ಕ್ಯಾಲ್ಸಿಯಂ ಮೇಲೆ, ಹಾಗಾಗಿ ಗೇಟು ನಿಧಾನ ಆಗುತ್ತೆ. ಈ ನಾಲ್ಕರಲ್ಲೂ ಸೇರದೆ ಹೊರಗೆ ಉಳಿದವೂ ಕೆಲವು ಇವೆ."

ಮೇಷ್ಟ್ರ ತಲೆಯಲ್ಲಿ ಆಗಲೇ ಗೇರ್ ಬಾಕ್ಸ್ ತಯಾರಾಗಿತ್ತು. ಒಂದು, ಎರಡು, ಮೂರು, ನಾಲ್ಕು. ಹೊರಗೆ ಉಳಿದವು ನ್ಯೂಟ್ರಲ್ಲು, ರಿವರ್ಸು ಇರಬೇಕು.

"ನನಗೆ ಯಾವುದು ಡಾಕ್ಟ್ರೇ?"

"ಎರಡನೇ ಗುಂಪಿಂದು. ಮೊದಲು ಬಡಿತದ ಓಟ ತಗ್ಗಲಿ. ಇನ್ನೊಂದು ರಕ್ತ ತೆಳುವಾಗೋಕೆ. ಅದು ಬಡಿತ ಸರಿ ಮಾಡೋದಲ್ಲ. ನಡುಗೋ ಕೋಣೇಲಿ ರಕ್ತ ನಿಂತು ಗಡ್ಡೆ ಕಟ್ಟಿದ್ರೆ, ಅದು ಮೆದುಳಿಗೆ ಹೋಗಿ ಕೂರಬಹುದು. ಅದನ್ನ ತಪ್ಪಿಸೋಕೆ."

"ನಮ್ಮಕ್ಕನಿಗೆ ಕೊಟ್ಟಿದ್ದೀರಲ್ಲ, ಅದು?"

ಅಕ್ಕನಿಗೂ ಇದೇ ಕಾಯಿಲೆ, ಇದೇ ಡಾಕ್ಟರಮ್ಮ. ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಬರುತ್ತಿದ್ದವರೂ ಮೇಷ್ಟ್ರೇ.

"ಅವರದ್ದು ನಾಲ್ಕನೇ ಗುಂಪು."

ಮೇಷ್ಟ್ರ ಮುಖ ಸಣ್ಣದಾಯಿತು. ಡ್ರೈವರ್ ಕೆಲಸದಲ್ಲೇ ಕೂದಲು ಬೆಳ್ಳಗಾದವನಿಗೆ ಸೆಕೆಂಡ್ ಗೇರು, ಮನೆಯಲ್ಲಿ ಕೂತ ಅಕ್ಕನಿಗೆ ಟಾಪ್ ಗೇರು! ಡಾಕ್ಟರಮ್ಮ ಅದನ್ನು ಓದಿದವಳಂತೆ, "ಅವು ಬರೀ ಗುಂಪಿನ ನಂಬರು. ಒಂದಕ್ಕಿಂತ ಒಂದು ದೊಡ್ಡದು ಅಂತಿಲ್ಲ. ಯಾರಿಗೆ ಯಾವುದು ಹೊಂದುತ್ತೋ ಅದು" ಎಂದಳು. ಮೇಷ್ಟ್ರು ತಲೆಯಾಡಿಸಿದರು. ಏನೂ ತಲೆಗೆ ಹೋಗದಿದ್ದಾಗ ಚೆನ್ನಾಗಿ ತಲೆಯಾಡಿಸುವುದನ್ನು ಅವರು ತಮ್ಮ ಶಿಷ್ಯರಿಂದಲೇ ಕಲಿತಿದ್ದರು.

ಕೊನೆಗೆ ಆಕೆ ಹೇಳಿದ್ದು ಮಾತ್ರ ಸರಿಯಾಗಿ ಕೇಳಿಸಿತು. "ಬಡಿತ ಹತೋಟಿಗೆ ಬಂದಿದೆ ಅಂತ ನಾನು ಹೇಳೋವರೆಗೂ ಆ ಸೀಟಲ್ಲಿ ಕೂರಬೇಡಿ. ಪಕ್ಕದಲ್ಲಿ ಇನ್ನೊಬ್ಬರ ಜೀವ ಇರುತ್ತೆ."

ಆ ರಾತ್ರಿಯಿಂದಲೇ ಮೇಷ್ಟ್ರು ಮಾತ್ರೆ ನುಂಗತೊಡಗಿದರು. ಕಾರು ಅಂಗಡಿಯ ಮುಂದೆ ನಿಂತಿತು. ಇಂಜಿನ್ ಕೆಲಸಕ್ಕೆ ಬಂದಿದೆ ಎಂದು ಶಿಷ್ಯರಿಗೆ ಹೇಳಿದರು. ಕಾರಿನ ಇಂಜಿನ್ನೋ ತಮ್ಮದೋ ಎಂದು ಬಿಡಿಸಿ ಹೇಳಲಿಲ್ಲವಾದ್ದರಿಂದ ಅದು ಸುಳ್ಳಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ದಿನಾ ಬೆಳಿಗ್ಗೆ ಬಂದು ಕಾರು ಒರೆಸುವುದು, ಕುರ್ಚಿಯಲ್ಲಿ ಕೂತು ರಸ್ತೆ ನೋಡುವುದು, ಹೋಗುವ ಬರುವ ಗಾಡಿಗಳಿಗೆಲ್ಲ ಮೇಜಿನ ಕೆಳಗಿಂದ ಬ್ರೇಕ್ ಹಾಕುವುದು. ಆ ಸೀಟು ಬಿಟ್ಟರೆ ತಾನು ಯಾರು ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ಅವರ ಮಾತು ನಡೆಯುತ್ತಿರಲಿಲ್ಲ, ಬೀದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಬ್ಬ ಮನುಷ್ಯ ನಿಲ್ಲು ಎಂದರೆ ಪ್ರಪಂಚ ನಿಲ್ಲುತ್ತಿದ್ದ ಜಾಗ ಅದೊಂದೇ.

ಇಷ್ಟರಲ್ಲಿ ಟೈಲರಮ್ಮ ಬಂದಳು.

ಈಕೆ ಮೇಷ್ಟ್ರ ಅತಿ ಹಳೆಯ ಶಿಷ್ಯೆ. ಹಳೆಯ ಶಿಷ್ಯೆ ಅಂದರೆ ಪಾಸಾಗದೆ ಉಳಿದವಳು ಎಂದರ್ಥ. ಲೈಸೆನ್ಸ್ ಪರೀಕ್ಷೆಗೆ ಎಷ್ಟು ಸಲ ಹೋಗಿದ್ದಳೆಂದರೆ ಅಲ್ಲಿಯ ಸಾಹೇಬರು ಈಗ ಅವಳನ್ನು ಕಂಡರೆ ಮನೆಯವರ ಕ್ಷೇಮ ವಿಚಾರಿಸುತ್ತಿದ್ದರು. ಪ್ರತಿಸಲವೂ ತಪ್ಪು ಒಂದೇ: ಇಳಿಜಾರಿನ ಕೆಳಗೆ ಬಿಳಿ ಗೆರೆಯ ಹತ್ತಿರ ಕಾರು ನಿಲ್ಲಿಸಬೇಕು, ಅವಳು ಗೆರೆ ದಾಟಿ ನಿಲ್ಲಿಸುತ್ತಿದ್ದಳು. ಪಾಠದ ವೇಳೆ ಸರಿಯಾಗಿ ನಿಲ್ಲುವ ಕಾರು ಪರೀಕ್ಷೆಯ ದಿನ ಯಾಕೆ ಮುಂದೆ ಹೋಗುತ್ತದೆ ಎಂಬುದು ಮೇಷ್ಟ್ರಿಗೆ ಬಿಡಿಸಲಾಗದ ಒಗಟು. "ಹೊಲಿಗೆ ಮಿಷಿನ್ ತುಳಿದ ಕಾಲು ನಿಮ್ದು. ತುಳಿಯೋದೇ ಗೊತ್ತು, ಒತ್ತೋದು ಗೊತ್ತಿಲ್ಲ" ಎಂದು ಬೈದು ಕೈತೊಳೆದುಕೊಂಡಿದ್ದರು.

"ಮೇಷ್ಟ್ರೇ, ಮುಂದಿನ ವಾರ ಟೆಸ್ಟು" ಎಂದಳು ಟೈಲರಮ್ಮ. ಆಸ್ಪತ್ರೆಯೊಂದಕ್ಕೆ ಹಾಸಿಗೆಗಳ ಸುತ್ತ ಎಳೆಯುವ ಹಸಿರು ಪರದೆಗಳನ್ನು ಹೊಲಿದು ಕೊಡುವ ಕೆಲಸ ಅವಳಿಗೆ ಸಿಕ್ಕಿತ್ತು. ಸಾಗಿಸಲು ಹಳೆಯ ವ್ಯಾನೊಂದನ್ನು ಕೊಂಡಿದ್ದಳು. ಅದನ್ನು ಓಡಿಸುತ್ತಿದ್ದ ಅಣ್ಣ ಬೇರೆ ಕೆಲಸಕ್ಕೆ ಹೊರಟಿದ್ದ. "ಈ ಸಲ ಆಗ್ಲಿಲ್ಲ ಅಂದ್ರೆ ಆ ಕೆಲಸ ಬಿಡಬೇಕು. ನೀವು ಎರಡು ದಿನ ಪಕ್ಕದಲ್ಲಿ ಕೂತ್ಕೊಂಡ್ರೆ ನನಗೆ ಧೈರ್ಯ."

ಧೈರ್ಯ ಎಂಬ ಮಾತು ಮೇಷ್ಟ್ರ ದುರ್ಬಲ ಎದೆಗೆ ನಾಟಿತು. ಡಾಕ್ಟರಮ್ಮನ ಬಳಿ ಓಡಿದರು. ಬಡಿತ ತಗ್ಗಿದೆ, ಆದರೆ ಮೆಟ್ಟಿಲು ಹತ್ತಿದರೆ ಮತ್ತೆ ಏರುತ್ತಿದೆ, ಮಾತ್ರೆಯ ಪ್ರಮಾಣ ಸ್ವಲ್ಪ ಸ್ವಲ್ಪವೇ ಹೆಚ್ಚಿಸೋಣ, ಇನ್ನೆರಡು ವಾರ ತಡೆಯಿರಿ ಎಂದಳು. ಮೇಷ್ಟ್ರು ತಲೆಯಾಡಿಸಿ ಬಂದರು.

ಅಕ್ಕ ಇದ್ದದ್ದು ಮೇಷ್ಟ್ರ ಮನೆಯಿದ್ದ ಕಟ್ಟಡದ ಕೆಳಮನೆಯಲ್ಲೇ. ಅವಳಿಗೆ ಚಿಕ್ಕಂದಿನಿಂದಲೂ ದಮ್ಮು. ಉಸಿರಿಗೆ ಸೇದುವ ಪಂಪನ್ನು ಕನ್ನಡಕದ ಹಾಗೆ ಸದಾ ಹತ್ತಿರವೇ ಇಟ್ಟುಕೊಂಡಿರುತ್ತಿದ್ದಳು. ಬಟ್ಟೆ ಮಡಚುತ್ತ ಕೂತಿದ್ದಳು. ಮೇಷ್ಟ್ರು ಬಂದು ಸುಮ್ಮನೆ ಒಂದು ಟವೆಲ್ಲು ಮಡಚಿದರು. ಅಕ್ಕನಿಗೆ ಅನುಮಾನ ಬರಲು ಅಷ್ಟು ಸಾಕಿತ್ತು.

"ಏನೋ ಬೇಕು ನಿನಗೆ. ಏನು ಹೇಳು."

"ಅಕ್ಕ, ನಿನ್ನ ಮಾತ್ರೆ ಹ್ಯಾಗಿದೆ?"

"ಮಾತ್ರೆ ಹ್ಯಾಗಿರುತ್ತೋ? ಉರುಟಾಗಿದೆ."

"ಅಲ್ಲ ಕಣೇ, ಎದೆ ಶಾಂತವಾಗಿದೆಯಾ?"

"ಕೊಳದ ನೀರಿನ ಹಾಗಿದೆ. ಯಾಕೆ, ನಿಂದು ಇನ್ನೂ ಹಾರ್ತಿದೆಯಾ?" ಅಕ್ಕ ಎದ್ದೇಬಿಟ್ಟಳು. "ತಗೋ ನಾಲ್ಕು. ಒಂದೇ ಹೊಟ್ಟೇಲಿ ಹುಟ್ಟಿದೋರಿಗೆ ಒಂದೇ ಮಾತ್ರೆ ಆಗಲ್ವಾ? ಆ ಡಾಕ್ಟ್ರು ನಿನಗೆ ಯಾಕೆ ಕೊಡ್ಲಿಲ್ವೋ."

ಅಕ್ಕನದು ಕೊಡುಗೈ. ಪಕ್ಕದ ಮನೆಯವರಿಗೆ ಮೊಣಕಾಲು ನೋವೆಂದರೆ ತನ್ನ ಮುಲಾಮು ಕೊಡುವವಳು, ತಮ್ಮನ ಎದೆ ಹಾರುತ್ತಿದೆಯೆಂದರೆ ಬಿಟ್ಟಾಳೆಯೇ. ಮೇಷ್ಟ್ರಿಗೆ ಡಾಕ್ಟರಮ್ಮನ ಮುಖ ಒಮ್ಮೆ ಕಣ್ಣ ಮುಂದೆ ಬಂತು. ಆದರೆ ಅವರ ಕಸುಬಿನ ಬುದ್ಧಿ ಅದಕ್ಕಿಂತ ಜೋರಾಗಿತ್ತು. ಜೀವನವಿಡೀ ಊಟ ಹಾಕಿದ್ದು ಯಾವುದು? ಎರಡನೆಯ ಬ್ರೇಕು. ಒಂದು ಬ್ರೇಕಿದ್ದ ಗಾಡಿಗಿಂತ ಎರಡಿದ್ದ ಗಾಡಿ ಭದ್ರ ಎಂದು ಬೋರ್ಡು ಬರೆಸಿ ಹಾಕಿದವರು ಅವರು. ಎದೆಗೂ ಒಂದಿರಲಿ. ಎರಡನೇ ಗುಂಪಿನದನ್ನು ಬಿಡುವುದೂ ಬೇಡ, ನಾಲ್ಕನೆಯದನ್ನು ಸೇರಿಸಿದರಾಯಿತು. ಹೀಗೆ ಎರಡೂ ಮಾತ್ರೆಗಳನ್ನು ಒಂದೇ ಗುಟುಕಿನಲ್ಲಿ ನುಂಗಿದರು.

ಮಾರನೆಯ ದಿನ ಎದೆ ನಿಜಕ್ಕೂ ತಣ್ಣಗಿತ್ತು. ಮೆಟ್ಟಿಲು ಹತ್ತಿದರೂ ಹಾರಲಿಲ್ಲ. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ತಮ್ಮ ಬುದ್ಧಿವಂತಿಕೆಗೆ ತಾವೇ ಕಣ್ಣು ಮಿಟುಕಿಸಿದರು. ಅದರ ಮರುದಿನ ಮೆಟ್ಟಿಲ ಮೇಲೆ ಕಣ್ಣು ಮಂಜಾಗಿ ಕಂಬಿ ಹಿಡಿದುಕೊಳ್ಳಬೇಕಾಯಿತು. ಹೊಸದಾಗಿ ಬ್ರೇಕು ಬಿಗಿ ಮಾಡಿಸಿದ ಗಾಡಿ ಮೊದಮೊದಲು ಹಾಗೇ ಎಂದುಕೊಂಡರು. "ಯಾಕ್ರೀ, ಮುಖ ಬೂದಿ ಬಳಿದ ಹಾಗಿದೆ?" ಎಂದು ಹೆಂಡತಿ ಕೇಳಿದಳು. "ಶಾಂತವಾಗಿದೀನಿ ಕಣೇ. ನೀನು ನನ್ನನ್ನ ಶಾಂತವಾಗಿ ನೋಡಿಲ್ಲ, ಅದಕ್ಕೆ ಗುರುತು ಸಿಗ್ತಿಲ್ಲ" ಎಂದರು. ಬಡಿತ ಹತೋಟಿಗೆ ಬಂದರೆ ಕಾರಿನಲ್ಲಿ ಕೂರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾಳೆಂದೂ ಸೇರಿಸಿದರು. ಹತೋಟಿಗೆ ಬಂದಿದೆ ಎಂದು ಹೇಳಬೇಕಾದವರು ಯಾರು ಎಂಬ ಭಾಗವನ್ನು ನುಂಗಿಕೊಂಡರು. ಆ ವಾರ ಅವರು ನುಂಗಿದ್ದೇ ಹೆಚ್ಚು.

ಹಾಗೆ ಟೈಲರಮ್ಮನ ಪಕ್ಕದಲ್ಲಿ ಹೋಗಿ ಕೂತರು. ಬೆಲ್ಟು ಹಾಕಿ, ಸವೆದ ಪೆಡಲಿನ ಮೇಲೆ ಬಲಗಾಲಿಟ್ಟಾಗ ತವರಿಗೆ ಬಂದ ಹಾಗಾಯಿತು. ಕಾರು ಮಾರುಕಟ್ಟೆ ದಾಟಿತು, ಶಾಲೆ ದಾಟಿತು. ಮೇಷ್ಟ್ರು ಒಂದು ಹಸುವಿಗೆ, ಒಂದು ತಳ್ಳುಗಾಡಿಗೆ, ಒಂದು ಗಾಳಿಗೆ ಹಾರಿದ ಚೀಲಕ್ಕೆ ಬ್ರೇಕ್ ಹಾಕಿದರು. ಆಮೇಲೆ ನೀರಿನ ಟ್ಯಾಂಕಿನ ಇಳಿಜಾರು ಬಂತು. ಕೆಳಗೆ ನಾಲ್ಕು ರಸ್ತೆ ಕೂಡುವ ಜಾಗ. ಸಿಗ್ನಲ್ಲು ಕೆಂಪಾಗಿತ್ತು. ಅಡ್ಡರಸ್ತೆಯಲ್ಲಿ ಗಾಡಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

"ನಿಧಾನ ಟೈಲರಮ್ಮ, ಮುಂದೆ..." ಎಂದದ್ದು ಅವರಿಗೆ ನೆನಪಿದೆ. ಎದೆಯಲ್ಲಿ ಒಂದು ಬಡಿತ ಬಂತು. ಮುಂದಿನದಕ್ಕೆ ಕಾದರು. ಅದು ಬರಲಿಲ್ಲ. ಬಲಗಾಲಿಗೆ ತುಳಿ ಎಂದರು, ಕಾಲು ಯಾರದೋ ಆಗಿತ್ತು. ಕೆಂಪು ದೀಪ ಸಣ್ಣದಾಗುತ್ತ ಹೋಯಿತು. "ಮೇಷ್ಟ್ರೇ, ಬ್ರೇಕು! ನಿಮ್ಮ ಬ್ರೇಕು!" ಎಂದು ದೂರದಲ್ಲಿ ಯಾರೋ ಕೂಗಿದ ಹಾಗಾಯಿತು. ಇವಳನ್ನು ಕೊಂದೆನಲ್ಲ ಎಂದುಕೊಂಡರು. ಆಮೇಲೆ ಏನೂ ಇಲ್ಲ.

ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಬಿಳಿ ಗೆರೆ. ಕಾರು ಅದರ ಹಿಂದೆ, ಮಡಚಿಟ್ಟ ಬಟ್ಟೆಯಷ್ಟು ನೇರವಾಗಿ ನಿಂತಿತ್ತು. ಹ್ಯಾಂಡ್ ಬ್ರೇಕ್ ಎಳೆದಿತ್ತು. ಅಪಾಯದ ದೀಪಗಳು ಮಿಣುಕುತ್ತಿದ್ದವು. ಟೈಲರಮ್ಮ ಅವರ ಸೀಟನ್ನು ಹಿಂದಕ್ಕೆ ಒರಗಿಸಿ, ಕಾಲರಿನ ಗುಂಡಿ ಬಿಚ್ಚುತ್ತಿದ್ದಳು.

"ಕಾಲೆತ್ತಿ ಮೇಷ್ಟ್ರೇ."

"ಏನಮ್ಮಾ?"

"ಎರಡೂ ಕಾಲೆತ್ತಿ ಮುಂದೆ ಮೇಲಿಡಿ, ಡ್ಯಾಶ್ ಬೋರ್ಡ್ ಮೇಲೆ. ತಲೆ ತಿರುಗಿದೋರಿಗೆ ಕಾಲು ಎತ್ತರದಲ್ಲಿ ಇರಬೇಕು. ಆಸ್ಪತ್ರೆ ಮುಂದಿನ ತಿರುವಲ್ಲೇ ಇದೆ. ಇನ್ನೊಬ್ಬರನ್ನ ಕಾಯ್ತಾ ಕೂರಲ್ಲ ನಾನು."

"ಅಲ್ಲ, ನೀವು ಒಬ್ರೇ... ನಾನು ಬ್ರೇಕು..."

"ಸುಮ್ನಿರಿ!"

ಅಷ್ಟು ವರ್ಷ ಅವರು ಅವಳಿಗೆ ಹೇಳುತ್ತಿದ್ದ ಮಾತು ಅದು. ಮೇಷ್ಟ್ರು ಸುಮ್ಮನಾದರು. ಬೂಟು ಕಳಚಿ, ತೂತು ಬಿದ್ದ ಕಾಲುಚೀಲದ ಎರಡೂ ಪಾದಗಳನ್ನು ಗಾಜಿನ ಹತ್ತಿರ ಮೇಲಿಟ್ಟುಕೊಂಡು, ಬೆನ್ನ ಮೇಲೆ ಬಿದ್ದ ಜಿರಳೆಯ ಹಾಗೆ, ಬೀದಿಯ ಜನರೆಲ್ಲ ನೋಡುವಂತೆ, ತಮ್ಮದೇ ಕಾರಿನಲ್ಲಿ ಮೆರವಣಿಗೆ ಹೊರಟರು. ಎದುರಿಗೆ ಬಸ್ಸು ಬಂತು, ಲಾರಿ ಬಂತು, ಯೋಚಿಸುತ್ತ ನಿಂತ ನಾಯಿಯೂ ಬಂತು. ಪ್ರತಿಸಲವೂ ಅವರ ಕಾಲು ಒತ್ತಿತು, ಒತ್ತಿದ್ದು ಗಾಜನ್ನು. ಪ್ರತಿಸಲವೂ ಕಾರು ತಾನಾಗಿ ನಿಧಾನವಾಯಿತು, ದಾರಿ ಕೊಟ್ಟಿತು, ಮುಂದೆ ಹೋಯಿತು. ಗಾಜಿನ ಮೇಲೆ ಹೆಬ್ಬೆರಳಿನ ಗುರುತು ಮಾತ್ರ ಉಳಿಯಿತು.

ಆಸ್ಪತ್ರೆಯಲ್ಲಿ ಹಸಿರು ಪರದೆ ಎಳೆದರು, ತಂತಿ ಅಂಟಿಸಿದರು, ಕೈಗೆ ಸೂಜಿ ಚುಚ್ಚಿದರು. ಟೈಲರಮ್ಮ ಅಷ್ಟು ಗಾಬರಿಯಲ್ಲೂ ಪರದೆಯ ಅಂಚನ್ನು ಬೆರಳಿನಿಂದ ಮುಟ್ಟಿ ಹೊಲಿಗೆ ಬಿಟ್ಟಿಲ್ಲವಷ್ಟೇ ಎಂದು ನೋಡಿಕೊಂಡಳು. ಹೆಂಡತಿಯೂ ಅಕ್ಕನೂ ಓಡಿಬಂದರು. ಡಾಕ್ಟರಮ್ಮ ಮಾತ್ರ ಓಡಿ ಬರಲಿಲ್ಲ, ನಡೆದೇ ಬಂದಳು. ಇಸಿಜಿ ನೋಡಿದಳು, ಮೇಷ್ಟ್ರನ್ನು ನೋಡಿದಳು.

"ನಾನು ಕೊಟ್ಟದ್ದರ ಜೊತೆ ಬೇರೆ ಏನು ತಗೊಂಡ್ರಿ?"

ಮೇಷ್ಟ್ರು ಅಕ್ಕನ ಕಡೆ ನೋಡಿದರು. ಅಕ್ಕ ಪರದೆಯ ಕಡೆ ನೋಡಿದಳು.

"ನಮ್ಮಕ್ಕ ಕೊಟ್ಲು. ನಾನೇ ಕೇಳಿದ್ದು" ಎಂದರು.

"ಅವರು ಯಾವ ಮೆಡಿಕಲ್ ಕಾಲೇಜು?"

ಮೇಷ್ಟ್ರು ಮೆಲ್ಲಗೆ, "ಒಂದು ಬ್ರೇಕಿಗೆ ಇನ್ನೊಂದು ಜೊತೆ ಇದ್ರೆ ಭದ್ರ ಅಂತ..." ಎಂದರು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು. "ನಿಮ್ಮ ಕಾರಲ್ಲಿ ಇಬ್ಬರೂ ಒಟ್ಟಿಗೆ ಜೋರಾಗಿ ಬ್ರೇಕ್ ತುಳಿದ್ರೆ ಏನಾಗುತ್ತೆ?"

"ಕಾರು ನಿಲ್ಲುತ್ತೆ."

"ಕಾರು ನಿಲ್ಲೋದು ಒಳ್ಳೇದು ಮೇಷ್ಟ್ರೇ. ಇದು ನಿಲ್ಲಬಾರದು" ಎಂದು ಅವರ ಎದೆಯ ಮೇಲೆ ಬೆರಳಿಟ್ಟಳು. "ಎರಡನೇ ಗುಂಪು ಒಂದು ದಾರೀಲಿ ಬರುತ್ತೆ, ನಾಲ್ಕನೇದು ಇನ್ನೊಂದು ದಾರೀಲಿ ಬರುತ್ತೆ. ಹಿಡಿಯೋದು ಮಾತ್ರ ಅದೇ ಮಧ್ಯದ ಗೇಟನ್ನ. ಎರಡೂ ಸೇರಿ ಗೇಟು ಮುಚ್ಚಿಬಿಟ್ವು. ಕೆಳಗಿನ ಕೋಣೆಗೆ ಕರೆಂಟು ಇಳೀಲಿಲ್ಲ, ತಲೆಗೆ ರಕ್ತ ಹೋಗ್ಲಿಲ್ಲ. ಮಾತ್ರೆ ಪ್ರಭಾವ ಇಳಿಯೋವರೆಗೂ ಇಲ್ಲೇ ಇರಬೇಕು, ನಾವು ನೋಡ್ತಾ ಇರಬೇಕು. ನಿಮ್ಮ ಅಕ್ಕನಿಗೆ ನಾಲ್ಕನೇದು ಯಾಕೆ ಕೊಟ್ಟೆ ಗೊತ್ತಾ? ಅವರಿಗೆ ದಮ್ಮಿದೆ. ಎರಡನೇ ಗುಂಪಿಂದು ಕೊಟ್ರೆ ಉಸಿರಿನ ಕೊಳವೆ ಬಿಗಿಯಬಹುದು. ಅವರಿಗೆ ಬಡ್ತಿ ಕೊಟ್ಟಿದ್ದಲ್ಲ ಅದು."

ಟಾಪ್ ಗೇರಿನ ಕಥೆ ಅಲ್ಲಿಗೆ ಮುಗಿಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನನ್ನ ನನ್ನ ಕೈಯಾರೆ ಕಳಿಸಿಬಿಡ್ತಿದ್ದೆನಲ್ಲೋ" ಎಂದಳು. ಮೇಷ್ಟ್ರು ಅವಳ ಕೈ ಹಿಡಿದುಕೊಂಡರು.

ಎಲ್ಲರೂ ಹೊರಗೆ ಹೋದ ಮೇಲೆ ಟೈಲರಮ್ಮ ಒಳಗೆ ಬಂದು ಕಾರಿನ ಕೀಲಿ ಕೊಟ್ಟಳು.

"ನೀವು ಹ್ಯಾಗೆ ನಿಲ್ಲಿಸಿದ್ರಿ?" ಎಂದು ಕೇಳಿದರು ಮೇಷ್ಟ್ರು. ಆಗಿನಿಂದ ಅವರನ್ನು ಕೊರೆಯುತ್ತಿದ್ದದ್ದು ಅದೇ.

"ಹ್ಯಾಗೆ ಅಂದ್ರೆ? ತುಳಿದೆ, ನಿಲ್ತು." ಎಂದಳು ಟೈಲರಮ್ಮ. "ಆದ್ರೆ ಒಂದು ಮಾತು ಮೇಷ್ಟ್ರೇ. ಬ್ರೇಕು ಅಷ್ಟು ಗಟ್ಟಿ ಇರುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ಇಷ್ಟು ದಿನ ನಾನು ಕಾಲಿಡೋಷ್ಟರಲ್ಲಿ ಅದು ತಾನೇ ಕೆಳಗೆ ಹೋಗಿರ್ತಿತ್ತು. ಬ್ರೇಕು ಅಂದ್ರೆ ಸುಮ್ನೆ ಕಾಲಿಟ್ರೆ ಸಾಕು ಅಂದ್ಕೊಂಡಿದ್ದೆ. ಟೆಸ್ಟಲ್ಲೂ ಹಾಗೇ ಇಡ್ತಿದ್ದೆ."

ಅವಳು ದೂರಲಿಲ್ಲ, ಇದ್ದದ್ದನ್ನು ಹೇಳಿ ಹೋದಳು. ಮೇಷ್ಟ್ರಿಗೆ ಹೊಸದರಂತೆ ಉಳಿದಿದ್ದ ಆ ರಬ್ಬರು ಕಣ್ಣ ಮುಂದೆ ಬಂತು. ಎಷ್ಟು ಜನರನ್ನು ಕರೆದು ಕರೆದು ತೋರಿಸಿದ್ದೆ, ಎಷ್ಟು ಹೆಮ್ಮೆಯಿಂದ! ಎದ್ದು ಯಾರಿಗಾದರೂ ಹೇಳೋಣವೆಂದರೆ ಎದೆಗೆ ತಂತಿ, ಕೈಗೆ ಸೂಜಿ. ಮಲಗಿದ ಹಾಗೇ ಅವರಿಗೆ ನಗು ಬಂತು, ನಗುತ್ತಿದ್ದಂತೆ ಕಣ್ಣಲ್ಲಿ ನೀರೂ ಬಂತು. ತಲೆಯ ಹತ್ತಿರದ ಯಂತ್ರ ಗುಂಯ್ ಎಂದು ಕೂಗಿ ನರ್ಸನ್ನು ಕರೆಯಿತು.

ಮುಂದೆ ಡಾಕ್ಟರಮ್ಮ ಅವರನ್ನು ಮೂರನೆಯ ಗುಂಪಿಗೆ ಹಾಕಿದಳು. ಬಡಿತ ತಿದ್ದುವ ಮಾತ್ರೆಯೇ ಕೆಲವರಲ್ಲಿ ಬಡಿತ ಕೆಡಿಸುವುದೂ ಉಂಟೆಂದು, ಆಸ್ಪತ್ರೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಇಸಿಜಿ ತೆಗೆದು, ಸರಿಯಿದೆ ಎಂದ ಮೇಲೆಯೇ ಮನೆಗೆ ಬಿಟ್ಟಳು. "ಥರ್ಡ್ ಗೇರಾ?" ಎಂದು ಹೆಂಡತಿ ಕೇಳಿದಳು. "ಬರೀ ಗುಂಪಿನ ನಂಬರು ಕಣೇ" ಎಂದರು ಮೇಷ್ಟ್ರು, ತಾವೇ ಕಂಡುಹಿಡಿದವರಂತೆ.

ಟೈಲರಮ್ಮನ ಪರೀಕ್ಷೆಯ ದಿನ ಅವರಿಗೆ ಕಾರು ಹತ್ತುವ ಅಪ್ಪಣೆ ಇರಲಿಲ್ಲ. ಆಟೋದಲ್ಲಿ ಬಂದು, ಮೈದಾನದ ಬೇಲಿಯ ಹೊರಗೆ ಸಿಮೆಂಟ್ ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತರು. ಕಾರನ್ನು ಟೈಲರಮ್ಮನ ಅಣ್ಣ ತಂದು ನಿಲ್ಲಿಸಿದ್ದ. ಮೇಷ್ಟ್ರ ಸೀಟಿನಲ್ಲಿ ಪರೀಕ್ಷೆಯ ಸಾಹೇಬರು ಕಾಲು ಮಡಚಿಕೊಂಡು ಕೂತಿದ್ದರು. ಕಾರು ಸುತ್ತು ಹೊಡೆಯಿತು, ಹಿಂದಕ್ಕೆ ಬಂತು, ಏರು ಹತ್ತಿತು. ಆಮೇಲೆ ಇಳಿಜಾರಿನ ನೆತ್ತಿಯಲ್ಲಿ ಕಾಣಿಸಿಕೊಂಡಿತು. ಕೆಳಗೆ ಬಿಳಿ ಗೆರೆ.

ಕಾರು ಇಳಿಯತೊಡಗಿತು. ಮೇಷ್ಟ್ರ ಬಲಗಾಲು ಮಣ್ಣಿನಲ್ಲಿ ಹೂತುಕೊಂಡು ಮುಂದೆ ಮುಂದೆ ಹೋಯಿತು. ಹೆಂಡತಿ ನೋಡಿದಳು. ತನ್ನ ಕಾಲನ್ನು ಅವರ ಕಾಲಿನ ಕೆಳಗೆ ತೂರಿಸಿ, ಮೆಲ್ಲಗೆ ಮೇಲಕ್ಕೆತ್ತಿದಳು. ಮೇಷ್ಟ್ರ ಪಾದ ನೆಲ ಬಿಟ್ಟು ಗಾಳಿಯಲ್ಲಿ ನಿಂತಿತು.

ಕಾರು ಗೆರೆಯ ಹತ್ತಿರ ಬಂತು. ಗೆರೆ ಮುಟ್ಟುವ ಮೊದಲೇ ನಿಂತಿತು.

"ನಿಲ್ತು ಕಣ್ರೀ" ಎಂದಳು ಹೆಂಡತಿ.

ಮೇಷ್ಟ್ರು ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿಕೊಂಡರು. ಒಳಗಿನದು ನಿಂತಿರಲಿಲ್ಲ, ತಾಳ ತಪ್ಪದೆ ಓಡುತ್ತಿತ್ತು.